ಎರಡು ಕೊಳವೆಯ ಹಳೆಯ ರೆಗ್ಯುಲೇಟರ್‌ನಲ್ಲಿ ಡೈವಿಂಗ್: ನನ್ನ ಅನುಭವ

ಬೆನ್ನಿನ ಸಿಲಿಂಡರ್‌ಗೆ ಜೋಡಿಸಿದ ಗುಂಡನೆಯ ಲೋಹದ ಡಬ್ಬಿ; ಅದೇ ರೆಗ್ಯುಲೇಟರ್, ಸಿಲಿಂಡರ್‌ನ ಗಾಳಿಯನ್ನು ಸುತ್ತಲ ನೀರಿನ ಒತ್ತಡಕ್ಕೆ ಇಳಿಸಿ ಕೊಡುವ ಸಾಧನ. ಅದರಿಂದ ಬಾಯಿಯವರೆಗೆ ಸುಕ್ಕುಸುಕ್ಕಾದ ಎರಡು ರಬ್ಬರ್ ಕೊಳವೆ. ಬಲಗಡೆಯದು ಗಾಳಿ ತರುತ್ತದೆ, ಎಡಗಡೆಯದು ಬಿಟ್ಟ ಉಸಿರನ್ನು ಮತ್ತೆ ಬೆನ್ನಿಗೇ ಒಯ್ಯುತ್ತದೆ. ಬಾಯಿಯ ಬಳಿಯೇ ಬಿಟ್ಟುಬಿಟ್ಟರೆ ಆಗದೇ?

ಆಗದು. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಕೂಸ್ಟೋ ಮತ್ತು ಎಂಜಿನಿಯರ್ ಗಾನ್ಯಾಂ ಇಂಥ ರೆಗ್ಯುಲೇಟರ್‌ನ ತಮ್ಮ ಮಾದರಿಯನ್ನು ಪ್ಯಾರಿಸ್ ಬಳಿಯ ಮಾರ್ನ್ ನದಿಯಲ್ಲಿ ಪರೀಕ್ಷಿಸಿದಾಗ, ಅಡ್ಡಡ್ಡ ಈಜಿದರೆ ಎಲ್ಲ ಸರಿ. ನೆಟ್ಟಗೆ ನಿಂತರೆ ಗಾಳಿ ಸುಮ್ಮನೆ ಸೋರುತ್ತಿತ್ತು, ತಲೆಕೆಳಗಾದರೆ ಎಳೆದುಕೊಳ್ಳುವುದೇ ಕಷ್ಟ. ನೆಟ್ಟಗೆ ನಿಂತಾಗ ಉಸಿರು ಹೊರಹೋಗುವ ಜಾಗ ಗಾಳಿ ಬರುವ ಜಾಗಕ್ಕಿಂತ ಮೇಲಿತ್ತು, ಮೇಲೆ ನೀರಿನ ಒತ್ತಡ ಕಡಿಮೆ; ತಲೆಕೆಳಗಾದಾಗ ಇದು ತಿರುಗುಮುರುಗು. ಎರಡನ್ನೂ ಅಕ್ಕಪಕ್ಕ ತಂದ ಮೇಲೆ ಸರಿಹೋಯಿತು.

ಇದೇ ಕಾರಣಕ್ಕೆ ನಾನು ಸಿಲಿಂಡರನ್ನು ಕೆಳಗಿಳಿಸಿ, ಡಬ್ಬಿ ಭುಜದ ಮೂಳೆಗಳ ನಡುವೆ ಬರುವಂತೆ ಬಿಗಿಯಾಗಿ ಕಟ್ಟುತ್ತೇನೆ. ಡಬ್ಬಿ ಶ್ವಾಸಕೋಶದಿಂದ ದೂರವಾದಷ್ಟೂ ಉಸಿರು ಭಾರ. ಬೋರಲಾಗಿ ಈಜುವಾಗ ತುಸು ಎಳೆಯಬೇಕು; ಅಂಗಾತವಾದರೆ ಗಾಳಿ ಕೇಳದೆಯೇ ನುಗ್ಗುತ್ತದೆ.

ನೀರಿಗಿಳಿಯುವ ಮುಂಚೆ ಸಿಲಿಂಡರ್ ಬಂದ್ ಮಾಡಿ ಮೌತ್‌ಪೀಸ್ ಹೀರಿ ನೋಡುತ್ತೇನೆ. ಏನೂ ಬರಬಾರದು. ಗಾಳಿ ಬಂದರೆ ಕೊಳವೆಯ ಸುಕ್ಕಿನೊಳಗೆ ಬಿರುಕಿದೆ, ಇಲ್ಲವೇ ಉಸಿರು ಹೊರಹೋಗುವ ಕಡೆಯ, ಬಾತುಕೋಳಿ ಕೊಕ್ಕಿನಂಥ ರಬ್ಬರ್ ಕವಾಟ ಮುಚ್ಚಿಕೊಳ್ಳುತ್ತಿಲ್ಲ. ಒಳಗೆ ಒಣಗಿದ ಉಪ್ಪು ಸಾಕು, ಅದನ್ನು ತೆರೆದೇ ಇಡುತ್ತದೆ.

ಕೊಳವೆಗೆ ನೀರು ನುಗ್ಗಿದರೆ ಎಡಭುಜ ಕೆಳಗಾಗುವಂತೆ ಹೊರಳಿ ಜೋರಾಗಿ ಊದಬೇಕು. ನೀರು ಎಡಗೊಳವೆಗೆ ಇಳಿದು ಹೊರಟುಹೋಗುತ್ತದೆ. ಬಲಕ್ಕೆ ಹೊರಳಿದಿರೋ, ಮುಂದಿನ ಉಸಿರಿನಲ್ಲಿ ಅದೇ ನೀರು ಬಾಯಿಗೆ.

ಹಳೆಯ ಸಿಲಿಂಡರ್‌ಗಳಿಗೆ ಒತ್ತಡಮಾಪಕ ಇರಲಿಲ್ಲ, ಮೀಸಲು ಕವಾಟವಿತ್ತು. ಒತ್ತಡ ಸುಮಾರು 20 ಬಾರ್‌ಗೆ ಇಳಿದಾಗ ಸ್ಪ್ರಿಂಗ್ ಗಾಳಿಯನ್ನು ತಡೆಯುತ್ತದೆ, ಉಸಿರು ಬಿಗಿಯಾಗುತ್ತದೆ. ಆಗ ಕವಾಟಕ್ಕೆ ಜೋಡಿಸಿದ ಸರಳು ಕೆಳಗೆಳೆದು ಉಳಿದದ್ದನ್ನು ಬಳಸುವುದು. 12 ಲೀಟರ್ ಸಿಲಿಂಡರ್‌ನಲ್ಲಿ ಆ ಉಳಿಕೆ, ನೀರಿನ ಮೇಲಿನ ಒತ್ತಡದ ಲೆಕ್ಕದಲ್ಲಿ, 240 ಲೀಟರ್ (12 × 20). ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಸೇದುವವರಿಗೆ, ಒತ್ತಡ ಮೂರು ಪಟ್ಟಾಗುವ 20 ಮೀಟರ್ ಆಳದಲ್ಲಿ, 60 ಬೇಕು, ಅಂದರೆ ನಾಲ್ಕೇ ನಿಮಿಷ. ಸರಳು ಎಲ್ಲೋ ತಗುಲಿ ಮೊದಲೇ ಕೆಳಗಿಳಿದಿದ್ದರೆ ಅದೂ ಇಲ್ಲ, ಎಚ್ಚರಿಕೆಯೂ ಇಲ್ಲ. ಹಳತನ್ನು ಹಳತಾಗಿಯೇ ಬಳಸಬೇಕೆಂಬ ಹಟ ಇಲ್ಲಿ ಬೇಡ; ನಾನು ಮಾಪಕ ಸೇರಿಸಿಯೇ ಇಳಿಯುವುದು.

ಗಾಳಿ ತುಂಬಿಸಿ ತೇಲುವ ಜಾಕೆಟ್ಟೂ ಆಗ ಇರಲಿಲ್ಲ. ಅದಿಲ್ಲದೆ ಇಳಿಯುವುದಾದರೆ ಮುಳುಗಲೆಂದು ಕಟ್ಟಿಕೊಳ್ಳುವ ಸೀಸದ ತೂಕದ ಲೆಕ್ಕ ಪಕ್ಕಾ ಇರಬೇಕು. 200 ಬಾರ್ ತುಂಬಿದ 12 ಲೀಟರ್ ಸಿಲಿಂಡರ್‌ನ ಗಾಳಿಯೇ ಮೂರು ಕಿಲೋ ಹತ್ತಿರ ತೂಗುತ್ತದೆ, ಡೈವ್ ಮುಗಿಯುವಷ್ಟರಲ್ಲಿ ಅದರಲ್ಲಿ ಬಹುಪಾಲು ಹೋಗಿರುತ್ತದೆ. ಹಾಗಾಗಿ ಸಿಲಿಂಡರ್ ಬಹುತೇಕ ಖಾಲಿಯಿರುವಾಗ, 3 ಮೀಟರ್‌ನಲ್ಲಿ, ಅರ್ಧ ಉಸಿರಿನಲ್ಲಿ ಅಲುಗದೆ ನಿಲ್ಲುವಷ್ಟು ಸೀಸ ಕಟ್ಟಬೇಕು. ಶುರುವಿನಲ್ಲಿ ಭಾರ ಎನಿಸುತ್ತದೆ, ಆಳದಲ್ಲಿ ನಿಯೊಪ್ರೀನ್ (ಸ್ಪಂಜಿನಂಥ ರಬ್ಬರ್) ಉಡುಪು ಕುಗ್ಗಿ ಇನ್ನಷ್ಟು. ಅದನ್ನು ಫಿನ್ ಬಡಿದು, ಉಸಿರು ತುಂಬಿಸಿಕೊಂಡು ನಿಭಾಯಿಸಬೇಕು.

ಇಷ್ಟೆಲ್ಲ ತಾಪತ್ರಯದ ಫಲ ಸಿಗುವುದು ಬಂಡೆಯೆದುರು ಸುಮ್ಮನೆ ನಿಂತಾಗ. ಗುಳ್ಳೆಗಳೆಲ್ಲ ಬೆನ್ನ ಹಿಂದೆ ಏರುತ್ತವೆ, ಮುಖದೆದುರು ಗದ್ದಲವಿಲ್ಲ, ಮೀನು ಅಷ್ಟು ಬೇಗ ಬೆದರುವುದಿಲ್ಲ. ಐದಾರು ಮೀಟರ್ ದಾಟಿದರೆ ಕೆಂಪು ಮಾಸುತ್ತದೆ. ಟಾರ್ಚ್ ಹಾಯಿಸಿ, ಬೂದಿ ಬಣ್ಣದ ಕಲ್ಲು ಎಂದುಕೊಂಡದ್ದು ಕಡುಗೆಂಪು ಸ್ಪಂಜಾಗಿ ಹೊಳೆಯುತ್ತದೆ. ಎಷ್ಟು ಸಲ ಕಂಡರೂ ಆ ಕ್ಷಣಕ್ಕೆ ಉಸಿರು ತಾನಾಗಿ ನಿಲ್ಲುತ್ತದೆ. ನಿಲ್ಲಿಸಬಾರದು: ತುಂಬಿದ ಎದೆ ಮೈಯನ್ನು ಮೇಲಕ್ಕೆತ್ತುತ್ತದೆ, ಉಸಿರು ಕಟ್ಟಿ ಒಂದೆರಡು ಮೀಟರ್ ಏರಿದರೂ ಶ್ವಾಸಕೋಶ ಹರಿಯಬಹುದು.