ವೈರಸ್‌ನಿಂದ ಕ್ಯಾಂಪಸ್ ನೆಟ್‌ವರ್ಕ್ ಬ್ಲಾಕ್ ಆಗಿತ್ತು, ವಾಪಸ್ ಪಡ್ಕೊಂಡಿದ್ದು ಹೀಗೆ

ಆಂಟಿವೈರಸ್ ಹಸಿರು ಟಿಕ್ ತೋರಿಸ್ತು ಅಂದ ಮಾತ್ರಕ್ಕೆ ಕ್ಯಾಂಪಸ್ ನೆಟ್‌ವರ್ಕ್ ವಾಪಸ್ ಬರಲ್ಲ. ನಮ್ಮ ಲ್ಯಾಪ್‌ಟಾಪ್ ಒಳಗೆ ಏನಿದೆ ಅಂತ ನೋಡಿ ಕ್ಯಾಂಪಸ್ ನೆಟ್‌ವರ್ಕ್ ಟೀಮ್‌ನವರು ಬ್ಲಾಕ್ ಮಾಡಿರಲ್ಲ, ಅದರಿಂದ ಹೊರಗೆ ಹೋಗ್ತಿರೋ ಟ್ರಾಫಿಕ್, ಅಂದ್ರೆ ಡೇಟಾ ಓಡಾಟ ನೋಡಿ ಮಾಡಿರ್ತಾರೆ. ಆ ಟ್ರಾಫಿಕ್ ನಿಂತಿದೆ ಅಂತ ಅವರಿಗೆ ಗೊತ್ತಾಗೋವರೆಗೂ ನಾವು ಎಷ್ಟು ಸಲ ಸ್ಕ್ಯಾನ್ ಮಾಡಿದ್ರೂ ಅಷ್ಟೇ.

ನನಗೆ ಆಗಿದ್ದು ಏನಂದ್ರೆ, ಯಾವ ಸೈಟ್ ಓಪನ್ ಮಾಡಿದ್ರೂ ‘ಈ ಡಿವೈಸ್ ಕ್ವಾರಂಟೈನ್‌ನಲ್ಲಿದೆ’, ಅಂದ್ರೆ ಬೇರೆಯವರಿಂದ ದೂರ ಇಟ್ಟಿದೀವಿ, ಅನ್ನೋ ಒಂದೇ ಪೇಜ್ ಬರ್ತಿತ್ತು. ಕ್ಯಾಂಪಸ್ ಮೇಲ್ ಐಡಿಗೆ ಒಂದು ನೋಟಿಸ್ ಕೂಡ ಬಂದಿತ್ತು. ತುಂಬಾ ಜನ ಅದನ್ನ ಅರ್ಧ ಓದಿ ಸ್ಕ್ಯಾನ್ ಮಾಡೋಕೆ ಓಡ್ತಾರೆ, ಆದ್ರೆ ಬೇಕಾಗಿರೋ ಮಾಹಿತಿ ಎಲ್ಲಾ ಇರೋದೇ ಅದರಲ್ಲಿ. ನನ್ನ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ನಮ್ಮ ಡಿವೈಸ್‌ನ ಗುರುತಿಸೋ ಹಾರ್ಡ್‌ವೇರ್ ನಂಬರ್), ಟೈಮ್, ಮತ್ತೆ ‘ಪೋರ್ಟ್ 445 ಸ್ಕ್ಯಾನಿಂಗ್’ ಅಂತ ಕಾರಣ. ಪೋರ್ಟ್ ಅಂದ್ರೆ ನೆಟ್‌ವರ್ಕ್‌ನಲ್ಲಿ ಒಂದೊಂದು ಕೆಲಸಕ್ಕೆ ಇರೋ ಬಾಗಿಲು ಇದ್ದ ಹಾಗೆ, 445 ವಿಂಡೋಸ್ ಫೈಲ್ ಶೇರಿಂಗ್‌ದು, ಒಂದು ಮಷೀನ್ ಸಿಕ್ಕಸಿಕ್ಕ ಅಡ್ರೆಸ್‌ಗೆಲ್ಲಾ ಅದರಲ್ಲಿ ಬಾಗಿಲು ತಟ್ಟುತ್ತಾ ಇದೆ ಅಂದ್ರೆ ಹರಡೋಕೆ ನೋಡ್ತಿದೆ ಅಂತ. 2017ರ ಮೇ ತಿಂಗಳಲ್ಲಿ ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವಾನಾಕ್ರೈ ಅನ್ನೋ ವೈರಸ್ ಹರಡಿದ್ದು ಇದೇ ದಾರೀಲಿ, ಅದು ಬಳಸಿದ ದೋಷಕ್ಕೆ ಪ್ಯಾಚ್ (ಸರಿಪಡಿಸೋ ಅಪ್‌ಡೇಟ್) ಮಾರ್ಚ್‌ನಲ್ಲೇ ಬಂದಿತ್ತು, ಹಾಕ್ಕೊಳ್ದೇ ಇದ್ದ ಮಷೀನ್‌ಗಳು ಸಿಕ್ಕಾಕ್ಕೊಂಡ್ವು. ಅದಕ್ಕೇ ನೆಟ್‌ವರ್ಕ್ ಟೀಮ್‌ನವರು ಇದನ್ನ ಕಂಡ ತಕ್ಷಣ ಕಟ್ ಮಾಡ್ತಾರೆ, ಮಾಡೋದೂ ಸರಿನೇ, ಒಂದೇ ನೆಟ್‌ವರ್ಕ್‌ನಲ್ಲಿ ಸಾವಿರಾರು ಮಷೀನ್ ಇರ್ತವೆ.

ನೋಟಿಸ್‌ನಲ್ಲಿದ್ದ ಟೈಮ್ ಯುಟಿಸಿಯಲ್ಲಿತ್ತು, ಅಂದ್ರೆ ಜಗತ್ತಿಗೆಲ್ಲಾ ಒಂದೇ ಆದ ಸ್ಟ್ಯಾಂಡರ್ಡ್ ಟೈಮ್. ಅದನ್ನ ಲೋಕಲ್ ಟೈಮ್‌ಗೆ ಬದಲಾಯಿಸಿ ನೋಡಿದ್ರೆ, ಲ್ಯಾಬ್‌ನಲ್ಲಿ ಪ್ರಾಜೆಕ್ಟ್ ಫೈಲ್‌ಗೆ ಅಂತ ಗೆಳೆಯ ಕೊಟ್ಟ ಪೆನ್‌ಡ್ರೈವ್‌ನ ನನ್ನ ಲ್ಯಾಪ್‌ಟಾಪ್‌ಗೆ ಹಾಕಿದ್ದಕ್ಕೆ ಸ್ವಲ್ಪ ಹೊತ್ತಿನ ನಂತರದ್ದು. ಆ ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲಾ ಶಾರ್ಟ್‌ಕಟ್ ಆಗಿ ಕಾಣ್ತಿದ್ವು, ಅದು ಪೆನ್‌ಡ್ರೈವ್ ವೈರಸ್‌ನ ಲಕ್ಷಣ, ಅಲ್ಲಿಗೆ ಮೂಲ ಗೊತ್ತಾಯ್ತು.

ಮೊದಲು ವಿಂಡೋಸ್‌ನದ್ದೇ ಆಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಮಾಡ್ದೆ, ಅದು ರೀಸ್ಟಾರ್ಟ್ ಆಗಿ ವಿಂಡೋಸ್ ಲೋಡ್ ಆಗೋ ಮುಂಚೆನೇ ಹುಡುಕುತ್ತೆ. ಏನೋ ಸಿಕ್ತು, ತೆಗೀತು, ಟಿಕ್ ಬಂತು. ಆದ್ರೂ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕನೆಕ್ಷನ್‌ಗಳ ಪಟ್ಟಿ ತೋರಿಸೋ ನೆಟ್‌ಸ್ಟಾಟ್ ಹಾಕಿ ನೋಡಿದಾಗ ಬೇರೆ ಬೇರೆ ಅಡ್ರೆಸ್‌ಗಳ 445ಕ್ಕೆ ಸಿನ್-ಸೆಂಟ್ (ಕನೆಕ್ಷನ್ ಕೇಳಿ ಉತ್ತರಕ್ಕೆ ಕಾಯ್ತಿದೆ) ಅಂತ ಸಾಲು ಸಾಲು ಬರ್ತಾನೇ ಇತ್ತು, ಪ್ರೋಗ್ರಾಂಗಳನ್ನ ತಾನಾಗೇ ಓಡಿಸೋ ಟಾಸ್ಕ್ ಶೆಡ್ಯೂಲರ್‌ನಲ್ಲಿ ಅರ್ಥವಿಲ್ಲದ ಹೆಸರಿನ ಒಂದು ಟಾಸ್ಕ್ ಕೂತಿತ್ತು, ಅದನ್ನ ಡಿಲೀಟ್ ಮಾಡಿದ್ರೆ ಮತ್ತೆ ಬರ್ತಿತ್ತು. ಅಲ್ಲಿಗೆ ಫಾರ್ಮ್ಯಾಟ್ ಮಾಡೋದೇ ಅಂತ ತೀರ್ಮಾನ ಮಾಡ್ದೆ. ಇಂಥ ಸ್ಥಿತಿಯಲ್ಲಿ ಒಂದೊಂದೇ ಹುಡುಕಿ ಕೀಳ್ತಾ ಕೂರೋದಕ್ಕಿಂತ ಫಾರ್ಮ್ಯಾಟ್ ಬೇಗ ಮುಗಿಯುತ್ತೆ, ನಂಬಿಕೆನೂ ಬರುತ್ತೆ.

ಬ್ಯಾಕಪ್ ತಗೊಳ್ಳುವಾಗ ಡಾಕ್ಯುಮೆಂಟ್, ಫೋಟೋ, ಕೋಡ್ ಮಾತ್ರ, ಯಾವ ಇನ್‌ಸ್ಟಾಲರ್ ಫೈಲೂ ಬೇಡ. ಬಿಟ್‌ಲಾಕರ್ (ವಿಂಡೋಸ್‌ನಲ್ಲಿ ಡಿಸ್ಕ್ ಲಾಕ್ ಮಾಡೋ ವ್ಯವಸ್ಥೆ) ಆನ್ ಇದ್ರೆ 48 ಅಂಕಿಯ ರಿಕವರಿ ಕೀ ಮೊದಲೇ ಬರ್ದಿಟ್ಕೊಳ್ಳಿ, ಮಧ್ಯದಲ್ಲಿ ಕೇಳಿದ್ರೆ ಬ್ಯಾಕಪ್‌ಗೂ ದಾರಿ ಇರಲ್ಲ. ಇನ್‌ಸ್ಟಾಲೇಷನ್ ಪೆನ್‌ಡ್ರೈವ್ ಮಾಡೋಕೆ ಕನಿಷ್ಠ 8 ಜಿಬಿ ಬೇಕು, ಅದನ್ನ ಕ್ಲೀನ್ ಇರೋ ಇನ್ನೊಂದು ಕಂಪ್ಯೂಟರ್‌ನಲ್ಲೇ ಮಾಡ್ಬೇಕು. ಇನ್‌ಸ್ಟಾಲ್ ಮಾಡುವಾಗ ಹಳೇ ಪಾರ್ಟಿಷನ್ (ಡಿಸ್ಕ್‌ನ ಭಾಗಗಳು) ಎಲ್ಲಾ ಡಿಲೀಟ್ ಮಾಡ್ದೆ. ನಮ್ಮ ಕ್ವಾರಂಟೈನ್ ನೆಟ್‌ವರ್ಕ್‌ನಲ್ಲಿ ವಿಂಡೋಸ್ ಅಪ್‌ಡೇಟ್‌ಗೆ ಮಾತ್ರ ದಾರಿ ಬಿಟ್ಟಿದ್ರು, ಅಪ್‌ಡೇಟ್ ಅಲ್ಲೇ ಮುಗೀತು.

ಪಾಸ್‌ವರ್ಡ್ ವಿಷಯ ಯಾರೂ ಬಿಡ್ಬೇಡಿ ಪ್ಲೀಸ್. ಫೋನ್‌ನಲ್ಲಿ ಮೊಬೈಲ್ ಡೇಟಾ ಹಾಕ್ಕೊಂಡು ಮೊದಲು ಕ್ಯಾಂಪಸ್ ಅಕೌಂಟ್, ಆಮೇಲೆ ಮೇಲ್, ಬ್ಯಾಂಕ್ ಎಲ್ಲಾ ಬದಲಾಯಿಸ್ದೆ, ಎಲ್ಲಾ ಡಿವೈಸ್‌ನಿಂದಲೂ ಸೈನ್‌ಔಟ್ ಕೊಟ್ಟೆ. ನಾವು ಲಾಗಿನ್ ಆಗಿದೀವಿ ಅಂತ ಬ್ರೌಸರ್ ನೆನಪಿಟ್ಕೊಳ್ಳೋ ಕುಕೀ ಫೈಲ್ ಕದ್ದಿದ್ರೆ ಪಾಸ್‌ವರ್ಡ್ ಗೊತ್ತಿಲ್ದೇನೂ ಒಳಗೆ ಬರ್ತಾರೆ.

ಹೆಲ್ಪ್‌ಡೆಸ್ಕ್‌ಗೆ ಬರೆದಿದ್ದು ಹೆಚ್ಚುಕಡಿಮೆ ಹೀಗಿತ್ತು: ‘ನಿಮ್ಮ ನೋಟಿಸ್ ನಂಬರ್ ಇದು, ಮ್ಯಾಕ್ ಅಡ್ರೆಸ್ ಇದು. ಪೆನ್‌ಡ್ರೈವ್‌ನಿಂದ ಬಂದಿರೋ ಹಾಗಿದೆ. ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೀನಿ, ಅಪ್‌ಡೇಟ್ ಆಗಿದೆ, ಪಾಸ್‌ವರ್ಡ್ ಬದಲಾಯಿಸಿದೀನಿ. ಈಗ 445ಕ್ಕೆ ಯಾವ ಕನೆಕ್ಷನ್ನೂ ಹೋಗ್ತಿಲ್ಲ, ಸ್ಕ್ರೀನ್‌ಶಾಟ್ ಹಾಕಿದೀನಿ. ದಯವಿಟ್ಟು ನಿಮ್ಮ ಕಡೆಯಿಂದಲೂ ಚೆಕ್ ಮಾಡಿ ಸರ್.’ ‘ವೈರಸ್ ಹೋಗಿದೆ, ನೆಟ್ ಕೊಡಿ’ ಅಂತ ಒಂದು ಸಾಲು ಬರೆದ್ರೆ ಅವರು ಇದನ್ನೆಲ್ಲಾ ಒಂದೊಂದಾಗಿ ಕೇಳ್ಬೇಕಾಗುತ್ತೆ, ಅಲ್ಲೇ ಟೈಮ್ ಹೋಗೋದು. ಅವರು ಸ್ವಲ್ಪ ಹೊತ್ತು ಟ್ರಾಫಿಕ್ ಗಮನಿಸಿ ಬ್ಲಾಕ್ ತೆಗೆದ್ರು.

ತೆಗೆದ ಮೇಲೂ ಅದೇ ಕ್ವಾರಂಟೈನ್ ಪೇಜ್! ನೆಟ್‌ವರ್ಕ್ ಮೊದಲು ಕೊಟ್ಟಿದ್ದ ಹಳೇ ಐಪಿ ಅಡ್ರೆಸ್ ಹಾಗೇ ಉಳ್ಕೊಂಡಿತ್ತು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಕಮಾಂಡ್‌ನಿಂದ ರಿಲೀಸ್ (ಹಳೇದು ಬಿಡೋದು), ರಿನ್ಯೂ (ಹೊಸದು ಕೇಳೋದು) ಮಾಡಿ, ವೈಫೈ ಫರ್ಗೆಟ್ ಮಾಡಿ ಮತ್ತೆ ಕನೆಕ್ಟ್ ಆದೆ, ಸರಿ ಹೋಯ್ತು. ವೈಫೈ ಸೆಟ್ಟಿಂಗ್‌ನಲ್ಲಿ ಮ್ಯಾಕ್ ಬದಲಾಯಿಸೋ ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್ ಆನ್ ಇದ್ರೆ ಆಫ್ ಮಾಡಿ, ಇಲ್ಲಾಂದ್ರೆ ಅವರು ಬಿಟ್ಟಿರೋ ಮ್ಯಾಕ್ ಒಂದು, ನಿಮ್ಮದು ಇನ್ನೊಂದು ಆಗುತ್ತೆ. ಕೇಬಲ್‌ಗೆ ಬೇರೆ ಮ್ಯಾಕ್ ಇರುತ್ತೆ, ಅದೂ ಬ್ಲಾಕ್ ಆಗಿದ್ರೆ ಒಟ್ಟಿಗೇ ಹೇಳಿ. ಕೆಲವರು ಮ್ಯಾಕ್ ಬದಲಾಯಿಸಿ ನುಸುಳೋಕೆ ನೋಡ್ತಾರೆ, ಅದು ಬೇಡ, ವೈರಸ್ ಇರೋ ಮಷೀನ್ ಮತ್ತೆ ಬೇರೆಯವರ ಮೇಲೆ ಬೀಳುತ್ತೆ, ಸಿಕ್ಕಿಬಿದ್ರೆ ಡಿವೈಸ್ ಬದಲು ಅಕೌಂಟೇ ಬ್ಲಾಕ್ ಆಗ್ಬಹುದು.

ಪೆನ್‌ಡ್ರೈವ್ ಕೊಟ್ಟ ಗೆಳೆಯನಿಗೂ ಹೇಳ್ದೆ, ಅವನು ಅದನ್ನ ಲ್ಯಾಬ್‌ನ ಒಂದು ಕಂಪ್ಯೂಟರ್‌ಗೂ ಹಾಕಿದ್ನಂತೆ. ಆ ಕಂಪ್ಯೂಟರ್ ಯಾವುದು ಅಂತ ಅದೇ ಟಿಕೆಟ್‌ನಲ್ಲಿ ಹೆಲ್ಪ್‌ಡೆಸ್ಕ್‌ಗೆ ತಿಳಿಸಿದ್ವಿ, ಅವರು ಅದರ ಕೇಬಲ್ ತೆಗೆಸಿದ್ರು.