ಮೆಟ್ಟಿಲು ಮೆಟ್ಟಿಲಾಗಿ 20 ಕಿಲೋ: ನನ್ನ ಅನುಭವ

94 ಕಿಲೋ ಇದ್ದವನು ಈಗ 73–74ರ ಆಸುಪಾಸಿನಲ್ಲಿದ್ದೇನೆ. ಇಳಿಸುವುದಕ್ಕೆ ಮೂರು ವರ್ಷ ಹಿಡಿಯಿತು. ಇಳಿದು ಅಲ್ಲೇ ನಿಂತು ನಾಲ್ಕು ವರ್ಷ ದಾಟಿದೆ. ಈ ನಾಲ್ಕು ವರ್ಷದ ಬಗ್ಗೆ ನನಗೆ ಸ್ವಲ್ಪ ಜಂಬ ಇದೆ, ಮುಚ್ಚಿಡುವುದಿಲ್ಲ. ಮೂರು ತಿಂಗಳಲ್ಲಿ 15 ಕಿಲೋ ಇಳಿಸಿ ಫೋಟೊ ಹಾಕಿದವರನ್ನು ಬೇಕಾದಷ್ಟು ನೋಡಿದ್ದೇನೆ, ನಾನೇ ಆ ಸಾಲಿನಲ್ಲಿ ನಿಂತವನು. ಎರಡು ವರ್ಷ ಬಿಟ್ಟು ಮತ್ತೊಂದು ಫೋಟೊ ಹಾಕಿದವರು ಮಾತ್ರ ಕಡಿಮೆ.

ನನ್ನ ದಾರಿ ಇಷ್ಟೇ. ನಾಲ್ಕೈದು ಕಿಲೋ ಇಳಿಸುವುದು, ಆಮೇಲೆ ಬೇಕೆಂದೇ ನಿಲ್ಲಿಸುವುದು. ಮೂರು ತಿಂಗಳು ಇಳಿಕೆ, ಮೂರು ಮೂರೂವರೆ ತಿಂಗಳು ನಿಲುಗಡೆ. ನಿಲುಗಡೆಯಲ್ಲಿ ಒಂದು ಕಿಲೋ ಹೆಚ್ಚೂ ಆಗಬಾರದು, ಒಂದು ಕಿಲೋ ಕಡಿಮೆಯೂ ಆಗಬಾರದು. ಮತ್ತೆ ಇಳಿಕೆ, ಮತ್ತೆ ನಿಲುಗಡೆ. 94, 89, 85, 81, 77, 73. ಹೀಗೆ ಐದು ಮೆಟ್ಟಿಲು.

ಇದನ್ನು ಹೇಳಿದಾಗ ಜಿಮ್‌ನ ತರಬೇತುದಾರ ನಕ್ಕುಬಿಟ್ಟ. ನಮ್ಮ ಭಾವನಂತೂ ಊಟಕ್ಕೆ ಕೂತಲ್ಲೆಲ್ಲ ಅದೇ ಮಾತು: "ಇಳೀತಾ ಇರೋವಾಗ ನಿಲ್ಲಿಸ್ತೀಯಲ್ಲೋ, ಕೈಗೆ ಬಂದದ್ದು ಬಾಯಿಗೆ ಬರದ ಹಾಗೆ ಮಾಡ್ಕೋತೀಯ." ನಾನು ಹಣ ಕೊಟ್ಟು ನೋಡಿದ ಆಹಾರ ತಜ್ಞರೊಬ್ಬರು ನಿಲುಗಡೆ ಅಂದರೆ ಶಿಸ್ತಿಲ್ಲದವರ ನೆಪ ಅಂತ ಬರೆದೇ ಕೊಟ್ಟರು. ಆ ಚೀಟಿ ಇನ್ನೂ ಇದೆ.

ನಿಲ್ಲಿಸುವ ಯೋಚನೆ ಬಂದದ್ದು ಹಣ ಕಳೆದುಕೊಂಡ ಮೇಲೆ. ಮೊದಲು ಪುಡಿ ಡಬ್ಬಗಳ ಕಾಲ. ದಿನಕ್ಕೆ ಎರಡು ಊಟದ ಬದಲು ಎರಡು ಲೋಟ ಪುಡಿ ಕಲಸಿದ ನೀರು. ಎರಡು ತಿಂಗಳಲ್ಲಿ 13–14 ಕಿಲೋ ಇಳಿಯಿತು, ಡಬ್ಬಗಳಿಗೆ ಒಂದೂವರೆ ತಿಂಗಳ ಸಂಬಳ ಹೋಯಿತು. ನಾಲ್ಕನೆಯ ತಿಂಗಳಿಗೆ ಬಾಚಣಿಗೆ ತುಂಬ ಕೂದಲು. ಆರನೆಯ ತಿಂಗಳಲ್ಲೊಂದು ರಾತ್ರಿ ಬಲಪಕ್ಕೆಯ ಕೆಳಗೆ ಹಿಡಿದ ನೋವು ಬೆನ್ನಿಗೆ ಹೋಗಿ ಬೆಳಗಿನ ತನಕ ಬಿಡಲಿಲ್ಲ. ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು. ತೂಕ ತೀರಾ ವೇಗವಾಗಿ ಇಳಿದರೆ ಪಿತ್ತಕೋಶ ಸರಿಯಾಗಿ ಖಾಲಿಯಾಗದೆ, ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಹೆಚ್ಚಾಗಿ ಕಲ್ಲು ಕಟ್ಟುತ್ತದೆ ಅಂತ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರ್ ಹೇಳಿದರು. ವಾರಕ್ಕೆ ಒಂದೂವರೆ ಕಿಲೋಗಿಂತ ಜಾಸ್ತಿ ಇಳಿಸುವವರಿಗೆ ಈ ಅಪಾಯ ಹೆಚ್ಚು. ಡಬ್ಬದ ಮೇಲೆ ಇದನ್ನು ಬರೆದಿರಲಿಲ್ಲ. ಆ ಆಪರೇಶನ್ನಿನ ಖರ್ಚು ನಾನು ತೂಕಕ್ಕಾಗಿ ಸುರಿದ ಉಳಿದೆಲ್ಲ ಹಣಕ್ಕಿಂತ ಜಾಸ್ತಿ. ವರ್ಷ ತುಂಬುವಷ್ಟರಲ್ಲಿ ತೂಕವೂ ಬಡ್ಡಿ ಸಮೇತ ವಾಪಸ್ ಬಂತು.

ಆಮೇಲೆ ಟ್ರೆಡ್‌ಮಿಲ್. ಕೊಂಡ ಬೆಲೆಯ ಕಾಲು ಭಾಗಕ್ಕೆ ಮಾರಿದೆ, ಸಾಗಿಸುವ ಖರ್ಚೂ ನನ್ನದೇ. ಆ ಹಣದಲ್ಲಿ ಒಂದು ಜೊತೆ ಡಂಬೆಲ್, ಒಂದು ಒಳ್ಳೆಯ ತೂಕದ ಯಂತ್ರ ಬಂತು. ಅವೆರಡೂ ಇವತ್ತಿಗೂ ಬಳಕೆಯಲ್ಲಿವೆ.

ಮೂರನೆಯದು ಪಿಷ್ಟ ಪೂರ್ತಿ ಬಿಡುವುದು. ಹತ್ತು ದಿನದಲ್ಲಿ 4 ಕಿಲೋ ಇಳಿದಾಗ ಕುಣಿದಾಡಿದ್ದೆ. ಅದರಲ್ಲಿ ಬಹುಪಾಲು ನೀರು. ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಂಡ ಪಿಷ್ಟ, ಒಂದು ಗ್ರಾಂ ಖಾಲಿಯಾದರೆ ಅದರ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಒಂದು ಮದುವೆ ಊಟಕ್ಕೆ ಆ ನೀರಷ್ಟೂ ಮರಳಿತು.

ಪ್ರತಿ ಸಲವೂ ಕಂಡದ್ದು ಒಂದೇ. ಇಳಿಸುವುದು ನನಗೆ ಬರುತ್ತಿತ್ತು. ಇಳಿದ ತೂಕದಲ್ಲಿ ಬದುಕುವುದು ಹೇಗೆ ಅನ್ನುವುದನ್ನು ಒಂದು ದಿನವೂ ಅಭ್ಯಾಸ ಮಾಡಿರಲಿಲ್ಲ. 20 ಕಿಲೋ ಇಳಿಸಿ ಆಮೇಲೆ ಕಲಿಯೋಣ ಅಂದರೆ ಅಷ್ಟು ಹೊತ್ತಿಗೆ ದೇಹ ತಿರುಗಿಬಿದ್ದಿರುತ್ತದೆ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತವರ ತಂಡದ ಲೆಕ್ಕದಂತೆ ಒಂದು ಕಿಲೋ ಇಳಿದರೆ ದೇಹದ ಖರ್ಚು ದಿನಕ್ಕೆ 20–30 ಕ್ಯಾಲೊರಿ ಕಡಿಮೆಯಾಗುತ್ತದೆ, ಹಸಿವು ಮಾತ್ರ 100 ಕ್ಯಾಲೊರಿಯಷ್ಟು ಏರುತ್ತದೆ. ಅಲ್ಲಿನ ಒಂದು ಟಿವಿ ಸ್ಪರ್ಧೆಯಲ್ಲಿ ಭಾರಿ ತೂಕ ಇಳಿಸಿದ 14 ಜನರನ್ನು ಅವರೇ ಆರು ವರ್ಷದ ನಂತರ ಅಳೆದು 2016ರಲ್ಲಿ ಪ್ರಕಟಿಸಿದರು: 13 ಜನರ ತೂಕ ಒಂದಷ್ಟು ಮರಳಿತ್ತು, ವಿಶ್ರಾಂತಿಯ ಹೊತ್ತಿನ ಖರ್ಚು ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಿತ್ತು. 20 ಕಿಲೋದ ಹಸಿವನ್ನು ಒಟ್ಟಿಗೆ ಎದುರಿಸುವ ಬದಲು ನಾಲ್ಕು ಕಿಲೋದ ಹಸಿವನ್ನು ಐದು ಸಲ ಎದುರಿಸೋಣ ಅಂದುಕೊಂಡೆ. ಹಾಗೆ ಮಾಡಿದರೆ ದೇಹ ಮೋಸಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ, ಅಭ್ಯಾಸ ಆಗುವುದು ನನಗೆ.

ಒಂದೊಂದು ಮೆಟ್ಟಿಲಿಗೆ ಒಂದೊಂದೇ ಅಭ್ಯಾಸ ಇಟ್ಟುಕೊಂಡೆ.

ಮೊದಲನೆಯದು ಸಕ್ಕರೆ. ದಿನಕ್ಕೆ ನಾಲ್ಕು ಕಪ್, ಕಪ್ಪಿಗೆ ಎರಡು ಚಮಚ. ಚಮಚಕ್ಕೆ 4 ಗ್ರಾಂ ಅಂದರೂ 130 ಕ್ಯಾಲೊರಿ ಹತ್ತಿರ ಬರುತ್ತದೆ. ಒಮ್ಮೆಗೇ ಬಿಡಲಿಲ್ಲ, ಎರಡು ವಾರಕ್ಕೊಮ್ಮೆ ಕಾಲು ಚಮಚ ಇಳಿಸಿದೆ. ಇನ್ನೊಬ್ಬರು ಮಾಡಿಕೊಟ್ಟ ಮಾಮೂಲಿ ಕಪ್ ಈಗ ಪಾಯಸದ ಹಾಗೆ ಅನಿಸುತ್ತದೆ.

ಎರಡನೆಯದು ಎಣ್ಣೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಷ್ಟು ಸುಲಭದ ಲಾಭ ಬೇರೆಲ್ಲೂ ಸಿಗಲಿಲ್ಲ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಒಗ್ಗರಣೆಗೆ ಬಾಟಲಿ ಬಗ್ಗಿಸಿದರೆ ಎಷ್ಟು ಚಮಚ ಬಿತ್ತು ಅಂತ ಯಾರೂ ನೋಡುವುದಿಲ್ಲ. ಚಮಚದಲ್ಲಿ ಅಳೆಯೋಣ ಅಂದರೆ ಮನೆಯಲ್ಲಿ ಜಗಳ. ಅದಕ್ಕೆ ಲೀಟರ್ ಬಾಟಲಿಯ ಪಕ್ಕಕ್ಕೆ ಬಿಳಿ ಟೇಪ್ ಉದ್ದಕ್ಕೆ ಅಂಟಿಸಿದೆ. ಪ್ರತಿ ಭಾನುವಾರ ಬೆಳಿಗ್ಗೆ ಎಣ್ಣೆ ಎಲ್ಲಿದೆಯೋ ಅಲ್ಲಿ ಪೆನ್ನಿನಲ್ಲಿ ಗೆರೆ, ಗೆರೆಯ ಪಕ್ಕ ತಾರೀಖು. ಇಷ್ಟೇ, ಯಾರಿಗೂ ಏನೂ ಹೇಳಲಿಲ್ಲ. ಮೂವರ ಮನೆಯಲ್ಲಿ ಹತ್ತು ಹನ್ನೊಂದು ದಿನಕ್ಕೆ ಮುಗಿಯುತ್ತಿದ್ದ ಬಾಟಲಿ ಎರಡು ತಿಂಗಳಲ್ಲಿ 17–18 ದಿನಕ್ಕೆ ಬಂತು. ತಲೆಗೆ ದಿನಕ್ಕೆ ನೂರು ಕ್ಯಾಲೊರಿ ಆಸುಪಾಸು ಹೋಯಿತು, ರುಚಿ ಕೆಟ್ಟಿತು ಅಂತ ಒಬ್ಬರೂ ಅನ್ನಲಿಲ್ಲ. ಟೇಪ್ ಜಿಡ್ಡಿಗೆ ಕಿತ್ತುಬರುತ್ತದೆ. ಅಂಟಿಸುವ ಮೊದಲು ಬಾಟಲಿಯನ್ನು ಸೋಪು ನೀರಿನಲ್ಲಿ ಒರೆಸಿ ಒಣಗಿಸಿಕೊಳ್ಳಬೇಕು.

ಮೂರನೆಯದು ನಡಿಗೆ, ಅದೂ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ಸಲ. ಬೆಳಗಿನದು ಬೇರೆ, ಮುಕ್ಕಾಲು ಗಂಟೆ. ಹತ್ತು ಸಾವಿರ ಹೆಜ್ಜೆಯ ಹಿಂದೆ ಬೀಳಲಿಲ್ಲ. ಆ ಸಂಖ್ಯೆ ಜನಪ್ರಿಯವಾದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ನನ್ನದು ಎಂಟು ಸಾವಿರದ ಹತ್ತಿರ ಆಗುತ್ತದೆ. ನಡೆದದ್ದರಿಂದ ಇಳಿದದ್ದು ಕಡಿಮೆ, ಇಳಿದದ್ದು ನಿಂತದ್ದು ಅದರಿಂದಲೇ ಅಂತ ನನ್ನ ಲೆಕ್ಕ.

ನಾಲ್ಕನೆಯದಕ್ಕೆ ಡಂಬೆಲ್, ವಾರಕ್ಕೆ ಎರಡು ದಿನ. ಜೊತೆಗೆ ಪ್ರತಿ ಊಟದಲ್ಲೂ ಬೇಳೆಯೋ ಮೊಟ್ಟೆಯೋ ಮೊಸರೋ, ಹೊಟ್ಟೆಯಲ್ಲಿ ನಿಲ್ಲುವಂಥ ಪ್ರೋಟೀನ್. ಐದನೆಯ ಮೆಟ್ಟಿಲಿನದು ರಾತ್ರಿ ಹನ್ನೊಂದರ ಹಸಿವಿಗೆ ಸಂಬಂಧಿಸಿದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ. ಭಾವನಿಗೂ ಹೇಳಿಲ್ಲ.

ಇನ್ನು ನಿಲುಗಡೆ. ನೋಡುವವರಿಗೆ ಸುಮ್ಮನೆ ಕೂತ ಹಾಗೆ ಕಾಣುತ್ತದೆ, ಕಷ್ಟವೆಲ್ಲ ಇರುವುದು ಅಲ್ಲೇ. ಇಳಿಕೆಯಲ್ಲಿ ದಿನಕ್ಕೆ 400 ಕ್ಯಾಲೊರಿ ಕಡಿಮೆ ತಿನ್ನುತ್ತಿದ್ದೆ ಅಂತಿಟ್ಟುಕೊಳ್ಳಿ. ನಿಲುಗಡೆಯ ಮೊದಲ ವಾರ ಅದರಲ್ಲಿ 200 ವಾಪಸ್, ಎರಡನೆಯ ವಾರ ಇನ್ನು 100, ಆಮೇಲೆ ತೂಕ ಹೇಳಿದಂತೆ. ಮೊದಲ ವಾರ ಯಂತ್ರ ಒಂದು ಕಿಲೋ ಹೆಚ್ಚು ತೋರಿಸುತ್ತದೆ. ಅದು ಗ್ಲೈಕೋಜನ್ನೂ ನೀರೂ, ಕೊಬ್ಬಲ್ಲ. ಕೊಬ್ಬು ಒಂದು ಕಿಲೋ ಕೂಡಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚಾಗಬೇಕು, ವಾರದಲ್ಲಿ ಅಷ್ಟು ತಿಂದಿರುವುದಿಲ್ಲ. ಇಲ್ಲಿ ಹೆದರಿ ಮತ್ತೆ ಊಟ ಬಿಟ್ಟವರು ಕೆಡುತ್ತಾರೆ.

ನಿಲುಗಡೆಯಲ್ಲಿ ಹಬ್ಬ, ಪ್ರಯಾಣ, ಜ್ವರ, ಆಫೀಸಿನ ವರ್ಷಾಂತ್ಯ ಇವುಗಳಲ್ಲಿ ಎರಡಾದರೂ ಬಂದುಹೋಗಬೇಕು. ಬರಲಿಲ್ಲ ಅಂದರೆ ನಿಲುಗಡೆಯನ್ನು ಉದ್ದ ಮಾಡುತ್ತಿದ್ದೆ. 81ರಲ್ಲಿ ಐದು ತಿಂಗಳ ಹತ್ತಿರ ನಿಂತೆ. ಭಾವ ಆಗಲೇ "ಮುಗೀತು ಬಿಡು ನಿನ್ನ ಕಥೆ" ಅಂದಿದ್ದು.

ತೂಕ ದಿನಾ ನೋಡುತ್ತೇನೆ: ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ, ನೀರು ಕುಡಿಯುವ ಮೊದಲು. ಯಂತ್ರ ಇಡುವುದು ಒಂದೇ ಟೈಲ್ ಮೇಲೆ, ಟೈಲ್‌ಗಳ ಸಂದಿಗೆ ಒಂದು ಕಾಲು ಬಂದರೂ 700–800 ಗ್ರಾಂ ವ್ಯತ್ಯಾಸ ತೋರಿಸಿದ್ದುಂಟು. ದಿನದ ಅಂಕಿಗೆ ಬೆಲೆ ಕೊಡುವುದಿಲ್ಲ, ವಾರದ ಸರಾಸರಿ ಮಾತ್ರ ಪುಸ್ತಕಕ್ಕೆ. ಸರಾಸರಿ ಎರಡು ವಾರ ಸತತವಾಗಿ 75.5 ದಾಟಿದರೆ ಮೂರು ಕೆಲಸ ಶುರು: ಎಣ್ಣೆ ಟೇಪ್, ಊಟದ ನಂತರದ ನಡಿಗೆ, ಸಂಜೆಯ ಕುರುಕಲು ಬಂದ್. ನಾಲ್ಕು ವರ್ಷದಲ್ಲಿ ಆರೇಳು ಸಲ ದಾಟಿರಬಹುದು, ಪ್ರತಿ ಸಲವೂ ತಿಂಗಳೊಳಗೆ ಕೆಳಗೆ ಬಂದಿದೆ. ಅಮೆರಿಕದಲ್ಲಿ 1994ರಲ್ಲಿ ಶುರುವಾದ ರಾಷ್ಟ್ರೀಯ ತೂಕ ನಿಯಂತ್ರಣ ದಾಖಲಾತಿಗೆ ಸೇರಬೇಕಾದರೆ 13.6 ಕಿಲೋವಾದರೂ ಇಳಿಸಿ ಒಂದು ವರ್ಷ ಉಳಿಸಿಕೊಂಡಿರಬೇಕು. ಅದರಲ್ಲಿರುವವರ ಪೈಕಿ ಸುಮಾರು ಮುಕ್ಕಾಲು ಪಾಲು ಜನ ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರಂತೆ. ತೂಕ ನೋಡಿದರೆ ಮನಸ್ಸು ಕೆಡುವವರು ಸೊಂಟದ ಟೇಪ್ ಹಿಡಿಯಲಿ. ಎತ್ತರದ ಅರ್ಧಕ್ಕಿಂತ ಕೆಳಗಿದ್ದರೆ ಸಾಕು.

ನಡುವೆ ಬೇರೆ ಪ್ರಯೋಗಗಳೂ ಆದವು. ಸಣ್ಣ ತಟ್ಟೆ: ಎರಡನೆಯ ಸಲ ಬಡಿಸಿಕೊಂಡೆ, ಲೆಕ್ಕ ಸಮ. ಸೇಬಿನ ವಿನೆಗರ್: ಒಂದು ಬಾಟಲಿ ಮುಗಿಸಿದೆ, ತೂಕ ಕದಲಲಿಲ್ಲ, ದಂತವೈದ್ಯರು ಮಾತ್ರ ಹಲ್ಲಿನ ಎನಾಮಲ್ ನೋಡಿ ಬೈದರು. 16 ಗಂಟೆ ಉಪವಾಸ ನನ್ನ ಹೆಂಡತಿಗೆ ಹೊಂದಿತು, ನನಗೆ ಸಿಟ್ಟು ಬಂದದ್ದು ಬಿಟ್ಟರೆ ಏನೂ ಆಗಲಿಲ್ಲ. ತರಕಾರಿ ಮೊದಲು, ಪ್ರೋಟೀನ್ ಆಮೇಲೆ, ಪಿಷ್ಟ ಕೊನೆಗೆ ಅನ್ನುವ ಕ್ರಮದಿಂದ ಗ್ರಾಂ ಕೂಡ ಇಳಿಯಲಿಲ್ಲ, ಆದರೆ ಮಧ್ಯಾಹ್ನದ ತೂಕಡಿಕೆ ಹೋಯಿತು. ಅದನ್ನು ಬಿಟ್ಟಿಲ್ಲ. ನಿದ್ದೆಯದು ಪ್ರಯೋಗ ಅಂತ ಮಾಡಿದ್ದಲ್ಲ, ಪುಸ್ತಕದಲ್ಲಿ ತಾನಾಗಿ ಕಂಡದ್ದು. ಆರು ಗಂಟೆಗಿಂತ ಕಡಿಮೆ ಮಲಗಿದ ವಾರಗಳೆಲ್ಲ ಸರಾಸರಿ ಮೇಲಕ್ಕೇ ಇವೆ.

ಬಟ್ಟೆಯ ಖರ್ಚನ್ನು ಯಾರೂ ಹೇಳುವುದಿಲ್ಲ. ಐದು ಮೆಟ್ಟಿಲಿಗೆ ಐದು ಅಳತೆ. ನಾನು ಮೆಟ್ಟಿಲಿಗೆ ಎರಡೇ ಪ್ಯಾಂಟ್ ಇಟ್ಟುಕೊಂಡೆ, ಅವನ್ನೇ ದರ್ಜಿಯ ಹತ್ತಿರ ಕಿರಿದು ಮಾಡಿಸುತ್ತಾ ಬಂದೆ. ಎರಡು ಸಲಕ್ಕಿಂತ ಹೆಚ್ಚು ಕಿರಿದು ಮಾಡಿಸಿದರೆ ಹಿಂದಿನ ಜೇಬು ಎರಡೂ ಒಂದಕ್ಕೊಂದು ತಾಗುತ್ತವೆ. ಕಿರಿದಾದ ಮೇಲೆ ಉಳಿದ ಅಂಚಿನ ಬಟ್ಟೆಯನ್ನು ಕತ್ತರಿಸಲು ಹೇಳಿ. ಅದು ಒಳಗಿದ್ದರೆ ಮತ್ತೆ ಬಿಚ್ಚಿಸುವ ಆಸೆ ಹುಟ್ಟುತ್ತದೆ.

ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಪ್ರತಿ ಮೆಟ್ಟಿಲಿಗೂ ಡಾಕ್ಟರನ್ನು ನೋಡಿ. 85ಕ್ಕೆ ಬಂದಾಗ ಎದ್ದುನಿಂತರೆ ತಲೆ ಸುತ್ತುತ್ತಿತ್ತು. ಹಳೆಯ ತೂಕಕ್ಕೆ ಕೊಟ್ಟ ಬಿಪಿ ಮಾತ್ರೆ ಹೆಚ್ಚಾಗಿತ್ತು, ಡಾಕ್ಟರ್ ಅರ್ಧ ಮಾಡಿದರು.

ಭಾವ ಹೋದ ವರ್ಷ ಒಂದಿನ ಫೋನ್ ಮಾಡಿ, "ಆ ನಿನ್ನ ಪುಸ್ತಕ ಸ್ವಲ್ಪ ಕೊಡೋ" ಅಂದ. ಕೊಟ್ಟೆ. ಅವನಿಗೆ ನಾನು ಹಾಕಿದ ಒಂದೇ ಷರತ್ತು: ಮೊದಲ ಒಂದು ತಿಂಗಳು ಏನೂ ಇಳಿಸಬಾರದು, ಈಗಿರುವ ತೂಕವನ್ನೇ ಹಿಡಿದು ನಿಲ್ಲಿಸಿ ತೋರಿಸಬೇಕು. 98ರಲ್ಲಿ ತಿಂಗಳು ನಿಂತ, 94ಕ್ಕೆ ಇಳಿದ. ಮೂರು ತಿಂಗಳ ನಿಲುಗಡೆ ಸೋಮಾರಿಗಳಿಗೆ ಅಂತ ಮೂರೇ ವಾರಕ್ಕೆ ಮುಂದಿನ ಮೆಟ್ಟಿಲು ಹಿಡಿದು, ಎರಡು ತಿಂಗಳಲ್ಲಿ 96ಕ್ಕೆ ಹತ್ತಿದ. ಈಗ 94ಕ್ಕೆ ಬಂದು ನಿಂತಿದ್ದಾನೆ. ಎರಡು ತಿಂಗಳು ಸಾಕಲ್ಲವಾ ಅಂತ ಮೊನ್ನೆ ಚೌಕಾಸಿ ಶುರು ಮಾಡಿದ್ದಾನೆ. ನಾನು ಮೂರಕ್ಕಿಂತ ಇಳಿದಿಲ್ಲ.