ಬಸ್ಸು ಹತ್ತುವ ಮೊದಲೇ ಉತ್ತರ ಸಿಗಲಿ: ಊರ ಗ್ರಂಥಾಲಯದ ಜಾಲತಾಣ ಸರಿಪಡಿಸುವ ಬಗೆ

ಕಳೆದ ಮಳೆಗಾಲದಲ್ಲಿ, ಘಟ್ಟದ ಕೆಳಗಿನ ಪಟ್ಟಣವೊಂದರ ಸಾರ್ವಜನಿಕ ಗ್ರಂಥಾಲಯದ ಬಾಗಿಲಲ್ಲಿ ಒಬ್ಬ ವಿದ್ಯಾರ್ಥಿನಿ ಕೊಡೆ ಮಡಚಿಕೊಂಡು ನಿಂತಿದ್ದಳು. ಅಂದು ಸೋಮವಾರ, ಅಲ್ಲಿ ವಾರದ ರಜೆ. ಬೆಳಗಿನ ಬಸ್ಸು ಹಿಡಿದು ಒಂದೂವರೆ ತಾಸು ಕೂತು ಬಂದಿದ್ದ ಆಕೆಯ ಮೊಬೈಲಿನ ನಕ್ಷೆಯಲ್ಲಿ ಮಾತ್ರ ಅದೇ ಗ್ರಂಥಾಲಯದ ಹೆಸರಿನ ಕೆಳಗೆ ಹಸಿರು ಅಕ್ಷರದಲ್ಲಿ ‘ತೆರೆದಿದೆ’ ಎಂದಿತ್ತು. ಆ ಗ್ರಂಥಾಲಯಕ್ಕೆ ಫೇಸ್‌ಬುಕ್ ಪುಟವೂ ಇತ್ತು. ಪುಟದ ಕೊನೆಯ ಚಿತ್ರ ಎರಡು ವರ್ಷ ಹಿಂದಿನ ಗ್ರಂಥಾಲಯ ಸಪ್ತಾಹದ ಉದ್ಘಾಟನೆಯದು: ದೀಪ, ಶಾಲು, ಹಾರ, ಸಾಲಾಗಿ ನಿಂತ ಗಣ್ಯರು. ರಜೆ ಯಾವ ದಿನ ಎಂಬ ಒಂದು ಸಾಲು ಮಾತ್ರ ಎಲ್ಲಿಯೂ ಇರಲಿಲ್ಲ.

ಗ್ರಂಥಾಲಯದ ಜಾಲತಾಣವನ್ನು ಉತ್ತಮಪಡಿಸಬೇಕು ಎಂದಾಗ ಬಣ್ಣ, ವಿನ್ಯಾಸ, ಓಡಾಡುವ ಚಿತ್ರಗಳ ಬಗ್ಗೆ ಮಾತು ಶುರುವಾಗುವುದನ್ನು ನಾನು ಹಲವು ಸಭೆಗಳಲ್ಲಿ ಕೇಳಿದ್ದೇನೆ. ನನ್ನ ಮಟ್ಟಿಗೆ ಅವೆಲ್ಲ ಕೊನೆಯ ಮಾತುಗಳು. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸಬೇಕು ಎನ್ನುತ್ತದೆ. ಆಗ ಜಾಲತಾಣ ಎಂಬುದೇ ಇರಲಿಲ್ಲವಾದರೂ, ಜಾಲತಾಣವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾದಿಂದ ಕಾರವಾರಕ್ಕೋ, ಸಿದ್ದಾಪುರದ ಹಳ್ಳಿಯಿಂದ ಶಿರಸಿಗೋ ಹೊರಟವರಿಗೆ ಬಸ್ಸು ಹತ್ತುವ ಮೊದಲೇ ಮೂರು ಉತ್ತರಗಳು ಸಿಗಬೇಕು: ಇಂದು ತೆರೆದಿದೆಯೇ, ನನಗೆ ಬೇಕಾದ ಪುಸ್ತಕ ಇದೆಯೇ, ಬರುವಾಗ ಏನೇನು ತರಬೇಕು. ಮುಂದೆ ಹೇಳುವ ಹಂತಗಳೆಲ್ಲ ಈ ಮೂರು ಪ್ರಶ್ನೆಗಳ ಸುತ್ತಲೇ ಇವೆ.

ಮೊದಲು ನಕ್ಷೆ, ಆಮೇಲೆ ಜಾಲತಾಣ

ಹೆಚ್ಚಿನ ಓದುಗರು ಗ್ರಂಥಾಲಯದ ಜಾಲತಾಣಕ್ಕೆ ನೇರವಾಗಿ ಬರುವುದಿಲ್ಲ. ಗೂಗಲ್‌ನಲ್ಲಿ ಊರಿನ ಹೆಸರು, ಪಕ್ಕದಲ್ಲಿ ‘ಲೈಬ್ರರಿ’ ಎಂದು ಬರೆದು ನೋಡುತ್ತಾರೆ. ಆದ್ದರಿಂದ ಮೊದಲ ದಿನದ ಕೆಲಸ ಗೂಗಲ್ ನಕ್ಷೆಯಲ್ಲಿರುವ ಗ್ರಂಥಾಲಯದ ಗುರುತನ್ನು ಹುಡುಕಿ, ಅದರ ಮಾಲೀಕತ್ವವನ್ನು ಸಂಸ್ಥೆಯ ಹೆಸರಿಗೆ ಪಡೆದುಕೊಳ್ಳುವುದು. ಇದಕ್ಕೆ ದುಡ್ಡು ಬೇಕಿಲ್ಲ. ಗೂಗಲ್ ತನ್ನದೇ ಕ್ರಮದಲ್ಲಿ ಪರಿಶೀಲಿಸಿ ಅನುಮತಿ ಕೊಡುತ್ತದೆ. ಎಷ್ಟೋ ಕಡೆ ಒಂದೇ ಗ್ರಂಥಾಲಯಕ್ಕೆ ಎರಡು ಮೂರು ಗುರುತುಗಳಿರುತ್ತವೆ, ಒಂದು ಹಳೆಯ ಬಾಡಿಗೆ ಕಟ್ಟಡದಲ್ಲಿ, ಇನ್ನೊಂದು ಹೊಸ ಕಟ್ಟಡದಲ್ಲಿ. ಹಳೆಯದನ್ನು ತೆಗೆಸಿ, ಉಳಿದದ್ದರಲ್ಲಿ ವಾರದ ಪ್ರತಿ ದಿನದ ಸಮಯವನ್ನೂ ರಜೆಯನ್ನೂ ತುಂಬಿ. ವಿಶೇಷ ದಿನಗಳ ಸಮಯವನ್ನು ಬೇರೆಯಾಗಿ ಹಾಕುವ ಅವಕಾಶವೂ ಅಲ್ಲಿದೆ. ಹಬ್ಬದ ರಜೆಗಳನ್ನು ವರ್ಷದ ಆರಂಭದಲ್ಲೇ ಒಮ್ಮೆ ಕೂತು ತುಂಬಿಬಿಟ್ಟರೆ ಆಯಿತು. ಜೊತೆಗೆ ರಸ್ತೆಯಿಂದ ಕಾಣುವ ಹಾಗೆ ಬಾಗಿಲಿನ ಒಂದು ಚಿತ್ರ ಸಾಕು. ಇಷ್ಟು ಮಾಡಿದ್ದರೆ ಆ ವಿದ್ಯಾರ್ಥಿನಿ ಮಳೆಯಲ್ಲಿ ಬರುತ್ತಿರಲಿಲ್ಲ.

ಮುಖಪುಟ: ಒಂದು ಪರದೆಯಷ್ಟು

ಸರ್ಕಾರಿ ಗ್ರಂಥಾಲಯವಾದರೆ ಸ್ವಂತ ವಿಳಾಸದಲ್ಲಿ ಜಾಲತಾಣ ತೆರೆಯುವ ಮೊದಲು ಇಲಾಖೆಯ ಅನುಮತಿ ಬೇಕು. ಪ್ರತ್ಯೇಕ ತಾಣ ಸಾಧ್ಯವಾಗದಿದ್ದರೆ ಇಲಾಖೆಯ ತಾಣದಲ್ಲೇ ಒಂದು ಪುಟವನ್ನೂ ಜಿಲ್ಲಾಡಳಿತದ ತಾಣದಿಂದ ಅದಕ್ಕೊಂದು ಕೊಂಡಿಯನ್ನೂ ಕೇಳಿಕೊಳ್ಳಿ. ಒಂದೇ ಪುಟವಾದರೂ ಸರಿ, ಅದು ಸರಿಯಾಗಿದ್ದರೆ ಸಾಕು.

ಮೊಬೈಲಿನಲ್ಲಿ ತೆರೆದಾಗ ಬೆರಳಾಡಿಸದೆ ಕಾಣುವ ಜಾಗದಲ್ಲಿ ಸಮಯ, ರಜೆ, ದೂರವಾಣಿ ಸಂಖ್ಯೆ, ಪುಸ್ತಕ ಹುಡುಕುವ ಪೆಟ್ಟಿಗೆ ಇರಲಿ. ದೂರವಾಣಿ ಸಂಖ್ಯೆಯನ್ನು ಒತ್ತಿದರೆ ಕರೆ ಹೋಗುವಂತಿರಲಿ. ಅದರ ಕೆಳಗೆ ಸದಸ್ಯತ್ವದ ವಿವರ ಬರಬೇಕು: ಯಾವ ಗುರುತಿನ ದಾಖಲೆ, ಎಷ್ಟು ಫೋಟೊ, ಠೇವಣಿ ಎಷ್ಟು, ಒಂದು ಸಲಕ್ಕೆ ಎಷ್ಟು ಪುಸ್ತಕ, ಎಷ್ಟು ದಿನ, ತಡವಾದರೆ ದಂಡವೇನು. ಅರ್ಜಿ ನಮೂನೆಯನ್ನೂ ಅಲ್ಲೇ ಇಡಿ, ಆದರೆ ಪಿಡಿಎಫ್ ತೆರೆದೇ ಓದಬೇಕು ಎಂಬ ಕಟ್ಟಳೆ ಬೇಡ. ವಿವರವೆಲ್ಲ ಪುಟದ ಮೇಲೆಯೇ ಅಕ್ಷರಗಳಲ್ಲಿರಲಿ. ಇಲಾಖೆಯ ಇತಿಹಾಸ, ಧ್ಯೇಯೋದ್ದೇಶ, ಅಧಿಕಾರಿಗಳ ಭಾವಚಿತ್ರ ಇವಕ್ಕೆಲ್ಲ ಒಳಗಿನ ಪುಟಗಳಿವೆ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನು ಕಟ್ಟುವವರು ಜನ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ ಬಂದ ಏರ್ಪಾಡು ಅದು. ಮುಖಪುಟ ಅವರ ಪ್ರಶ್ನೆಗೆ ಮೀಸಲಾಗಲಿ.

ನಮ್ಮ ಜಿಲ್ಲೆಯಲ್ಲಿ ತೂಕದ ಪ್ರಶ್ನೆಯೂ ಇದೆ. ಘಟ್ಟದ ಮೇಲಿನ ಎಷ್ಟೋ ಊರುಗಳಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ತಲೆಯ ಮೇಲೋ ಅಂಗಳದ ಒಂದು ಮೂಲೆಯಲ್ಲೋ. ಮಳೆಗಾಲದಲ್ಲಿ ವಿದ್ಯುತ್ ಹೋದರೆ ಟವರು ಕೂಡ ಮಲಗುತ್ತದೆ. ಮೊಬೈಲಿನಲ್ಲಿ ತೆಗೆದ ಫೋಟೊ ಸಾಮಾನ್ಯವಾಗಿ ಮೂರು ನಾಲ್ಕು ಎಂಬಿ ತೂಗುತ್ತದೆ. ಅದನ್ನು ಹಾಗೆಯೇ ಏರಿಸದೆ ಇನ್ನೂರು ಕೆಬಿಯೊಳಗೆ ಕುಗ್ಗಿಸಿ ಹಾಕಿ. ತಾನಾಗಿ ಓಡುವ ವಿಡಿಯೊ ಬೇಡವೇ ಬೇಡ.

ಸೊನ್ನೆಯೂ ಅನುಸ್ವಾರವೂ

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಕನ್ನಡದ ಜಾಲತಾಣಗಳು ಹುಡುಕಾಟದಲ್ಲಿ ಸೋಲುವುದು ಇಲ್ಲಿಯೇ.

ಎಲ್ಲ ಕಂಪ್ಯೂಟರುಗಳೂ ಅಕ್ಷರಗಳನ್ನು ಒಂದೇ ರೀತಿ ಗುರುತಿಸಲು ಇರುವ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಕನ್ನಡ ಲಿಪಿಗೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ಹಾಗಿದ್ದರೂ ಕಚೇರಿಗಳ ಕಂಪ್ಯೂಟರಿನಲ್ಲಿರುವ ಹಳೆಯ ಪುಸ್ತಕಪಟ್ಟಿಗಳು, ಸೂಚನೆಗಳು ಬಹುಪಾಲು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿವೆ. ಅಂಥ ಕಡತವನ್ನು ಜಾಲತಾಣಕ್ಕೆ ಅಂಟಿಸಿದರೆ ಓದುಗರ ಮೊಬೈಲಿನಲ್ಲಿ ಕಾಣುವುದು ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಗೀರು, ಟೋಪಿ, ಚುಕ್ಕೆಗಳನ್ನಿಟ್ಟ ಗೊಂದಲ. ಅದನ್ನು ಮರೆಮಾಚಲು ಸೂಚನಾಪತ್ರದ ಫೋಟೊ ತೆಗೆದು ಹಾಕುವ ರೂಢಿ ಬಂದಿದೆ. ಫೋಟೊದೊಳಗಿನ ಅಕ್ಷರ ತಾಣದ ಹುಡುಕು ಪೆಟ್ಟಿಗೆಗೆ ಸಿಗುವುದಿಲ್ಲ, ದೃಷ್ಟಿದೋಷ ಇರುವವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೂ ದಕ್ಕುವುದಿಲ್ಲ. ಆದ್ದರಿಂದ ಹಳೆಯದನ್ನೆಲ್ಲ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಪರಿವರ್ತನೆಯ ನಂತರ ಕಣ್ಣಾಡಿಸದೆ ಬಿಡಬಾರದು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ‘ವರ್ಷ’, ‘ಸೂರ್ಯ’, ‘ಕಾರ್ಯ’ದಂಥ ಪದಗಳನ್ನು ಮೊದಲು ಪರೀಕ್ಷಿಸಿದರೆ ತಪ್ಪು ಬೇಗ ಸಿಕ್ಕಿಬೀಳುತ್ತದೆ.

ಇನ್ನೊಂದು ತಪ್ಪು ಕಣ್ಣಿಗೆ ಕಾಣುವುದೇ ಇಲ್ಲ. ‘ಗ್ರಂಥಾಲಯ’ ಎಂಬ ಪದವನ್ನೇ ತೆಗೆದುಕೊಳ್ಳಿ. ಅದರಲ್ಲಿರುವ ಅನುಸ್ವಾರದ ಬದಲಿಗೆ ಕನ್ನಡದ ಸೊನ್ನೆಯನ್ನು ಒತ್ತಿ ‘ಗ್ರ೦ಥಾಲಯ’ ಎಂದು ಬರೆದವರು ಎಷ್ಟೋ ಜನ. ನೋಟಕ್ಕೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಸೊನ್ನೆ ಹಾಕಿ ಬರೆದ ಪುಟ ಸರಿಯಾಗಿ ಹುಡುಕಿದವರಿಗೆ ಸಿಗದೆ ಹೋಗಬಹುದು. ಪಟ್ಟಿಯಲ್ಲಿ ಸೊನ್ನೆಯನ್ನು ಹುಡುಕಿ, ಪದದ ನಡುವೆ ಬಂದ ಕಡೆಯಲ್ಲೆಲ್ಲ ಅನುಸ್ವಾರ ಹಾಕುವ ಕೆಲಸವನ್ನು ಒಂದು ಮಧ್ಯಾಹ್ನ ಕೂತು ಮುಗಿಸಬಹುದು.

ಹೆಸರುಗಳ ಕಾಗುಣಿತದ ಬಗೆಗೂ ಎಚ್ಚರ ಬೇಕು. ಪತ್ರಿಕೆಗಳಲ್ಲಿ ‘ಶಿರಸಿ’, ಜನರ ಬೆರಳಲ್ಲಿ ‘ಸಿರಸಿ’, ಕೆಲವರಿಗೆ ‘ಸಿರ್ಸಿ’; ‘ಕಾರವಾರ’ವೂ ಉಂಟು, ‘ಕಾರ್ವಾರ’ವೂ ಉಂಟು. ಜಿಲ್ಲೆಯ ಹೆಸರೇ 1977ರವರೆಗೆ ಉತ್ತರ ಕೆನರಾ ಎಂದಿತ್ತು; ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1883ರಲ್ಲಿ, ಅಚ್ಚಾದ ಗೆಜೆಟಿಯರಿನಲ್ಲಿ ಬರಿ ಕೆನರಾ. ಪುಟದ ವಿವರಣೆಯಲ್ಲಿ ಈ ರೂಪಗಳನ್ನೆಲ್ಲ ಒಂದೊಂದು ಸಲವಾದರೂ ಬಳಸಿದರೆ ಯಾವ ಹೆಸರಿನಿಂದ ಹುಡುಕಿದವರಿಗೂ ದಾರಿ ಸಿಗುತ್ತದೆ.

ಪುಸ್ತಕ ಇದೆಯೋ ಇಲ್ಲವೋ

ಪುಸ್ತಕಗಳ ಸೂಚಿಯನ್ನು ಜಾಲಕ್ಕೆ ಏರಿಸುವ ಕೆಲಸವನ್ನು ಕಂಡು ಗ್ರಂಥಪಾಲಕರು ಹೆದರುವುದು ಸಹಜ. ಕಪಾಟು ತುಂಬ ಪುಸ್ತಕ, ಬಂದ ಪುಸ್ತಕಗಳನ್ನು ಕ್ರಮಸಂಖ್ಯೆ ಕೊಟ್ಟು ದಾಖಲಿಸುವ ಕೈಬರಹದ ಪರಿಗ್ರಹಣ ವಹಿಗಳು, ಸಿಬ್ಬಂದಿ ಒಬ್ಬರೋ ಇಬ್ಬರೋ. ಹಾಗಾಗಿ ವಹಿಯ ಮೊದಲ ಪುಟದಿಂದ ಆರಂಭಿಸಬೇಡಿ. ಜನ ಹೆಚ್ಚು ಕೇಳುವ ಕಪಾಟಿನಿಂದ, ಅಂದರೆ ಬಹುತೇಕ ಕಡೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಂದ ಶುರು ಮಾಡಿ. ಸಾಮಾನ್ಯ ಸ್ಪ್ರೆಡ್‌ಶೀಟ್‌ನಲ್ಲಿ ಪರಿಗ್ರಹಣ ಸಂಖ್ಯೆ, ಶೀರ್ಷಿಕೆ, ಲೇಖಕರು, ಪ್ರಕಾಶಕರು, ವರ್ಷ, ವರ್ಗ ಸಂಖ್ಯೆ, ಕಪಾಟು ಎಂಬ ಏಳು ಅಂಕಣ ಸಾಕು. ದಿನಕ್ಕೆ 60 ಶೀರ್ಷಿಕೆಯಂತೆ ತಿಂಗಳಿಗೆ 20 ದಿನ ಕೂತರೆ 1200 ಆಗುತ್ತದೆ. ಈ ಪಟ್ಟಿಯನ್ನು ಮುಂದೆ ಕೋಹಾ ತಂತ್ರಾಂಶಕ್ಕೋ ರಾಷ್ಟ್ರೀಯ ಮಾಹಿತಿ ಕೇಂದ್ರದ ‘ಇ-ಗ್ರಂಥಾಲಯ’ ತಂತ್ರಾಂಶಕ್ಕೋ ಸೇರಿಸಬಹುದು. ಕೋಹಾ ನ್ಯೂಜಿಲೆಂಡಿನ ಗ್ರಂಥಾಲಯವೊಂದಕ್ಕಾಗಿ ಹುಟ್ಟಿ, 2000ದಿಂದ ಬಳಕೆಗೆ ಬಂದ ಮುಕ್ತ ತಂತ್ರಾಂಶ. ಮಾವೋರಿ ಭಾಷೆಯಲ್ಲಿ ಆ ಪದಕ್ಕೆ ‘ಕಾಣಿಕೆ’ ಎಂದರ್ಥ. ಯಾವುದನ್ನು ಆರಿಸಿಕೊಂಡರೂ ಪುಸ್ತಕ ಹೊರಗೆ ಹೋಗಿದೆಯೇ, ಕಪಾಟಿನಲ್ಲಿದೆಯೇ ಎಂಬುದು ಓದುಗರಿಗೆ ಕಾಣುವಂತಿರಬೇಕು.

ಎರಡನೆಯ ಕಪಾಟು ಜಿಲ್ಲೆಯದು. ದಿನಕರ ದೇಸಾಯಿ, ಗೌರೀಶ ಕಾಯ್ಕಿಣಿ, ಯಶವಂತ ಚಿತ್ತಾಲ ಇವರ ಪುಸ್ತಕಗಳು, ಯಕ್ಷಗಾನ ಪ್ರಸಂಗಗಳು, 1930ರ ಅಂಕೋಲಾ ಉಪ್ಪಿನ ಸತ್ಯಾಗ್ರಹದ ಕುರಿತ ಬರಹಗಳು, ಕೊಂಕಣಿ ಪುಸ್ತಕಗಳು, ಊರಿನವರೇ ಅಚ್ಚು ಹಾಕಿಸಿದ ತೆಳ್ಳನೆಯ ಸ್ಮರಣ ಸಂಚಿಕೆಗಳು ಇವೆಲ್ಲ ಒಂದೇ ಪುಟದಲ್ಲಿ ಪಟ್ಟಿಯಾಗಲಿ. ಬೆಂಗಳೂರಿನ ಸಂಶೋಧಕರೂ ಮುಂಬಯಿಯಲ್ಲಿ ನೆಲೆಸಿದ ಜಿಲ್ಲೆಯವರೂ ನಿಮ್ಮ ತಾಣವನ್ನು ಹುಡುಕಿಕೊಂಡು ಬರುವುದು ಈ ಕಪಾಟಿಗಾಗಿಯೇ. ಸ್ಮರಣ ಸಂಚಿಕೆ ಬೇರೆ ಕಡೆ ಸಿಗುವುದಿಲ್ಲ. ‘ಚಿತ್ತಾಲ’ ಎಂದೂ ‘ಚಿತ್ತಾಳ’ ಎಂದೂ ಹುಡುಕುವವರಿಗಾಗಿ ಪರ್ಯಾಯ ಕಾಗುಣಿತದ ಎಂಟನೆಯ ಅಂಕಣವನ್ನು ಇಲ್ಲಿ ಸೇರಿಸಿಕೊಳ್ಳಿ.

ವಾಟ್ಸ್‌ಆ್ಯಪ್ ಮೊದಲು, ಉಳಿದವು ಆಮೇಲೆ

ಎಲ್ಲ ಸಾಮಾಜಿಕ ಜಾಲತಾಣಗಳಲ್ಲೂ ಖಾತೆ ತೆರೆದು ಯಾವುದನ್ನೂ ನಡೆಸಲಾಗದೆ ಬಿಡುವುದಕ್ಕಿಂತ ಒಂದನ್ನು ನೆಟ್ಟಗೆ ನಡೆಸುವುದು ಲೇಸು. ನಮ್ಮಲ್ಲಿ ಅದು ವಾಟ್ಸ್‌ಆ್ಯಪ್. ಆದರೆ ಗುಂಪು ಬೇಡ: ಗುಂಪಿನಲ್ಲಿ ಸದಸ್ಯರ ಸಂಖ್ಯೆ ಎಲ್ಲರಿಗೂ ಕಾಣುತ್ತದೆ, ಮೂರನೆಯ ದಿನಕ್ಕೆ ಶುಭೋದಯದ ಹೂಗಳು ಬರಲಾರಂಭಿಸುತ್ತವೆ. 2023ರಿಂದ ನಮ್ಮಲ್ಲಿ ದೊರೆಯುತ್ತಿರುವ ಚಾನೆಲ್ ಸೌಲಭ್ಯದಲ್ಲಿ ಗ್ರಂಥಾಲಯ ಮಾತ್ರ ಬರೆಯುತ್ತದೆ, ಅನುಸರಿಸುವವರ ಸಂಖ್ಯೆ ಪರಸ್ಪರರಿಗೆ ಕಾಣುವುದಿಲ್ಲ. ಅದರ ಕ್ಯೂಆರ್ ಸಂಕೇತವನ್ನು ಮುದ್ರಿಸಿ ಪುಸ್ತಕ ಕೊಡುವ ಮೇಜಿನ ಮೇಲೂ ಪತ್ರಿಕಾ ವಿಭಾಗದ ಗೋಡೆಯ ಮೇಲೂ ಅಂಟಿಸಿ.

ಬರೆಯುವುದು ಹೇಗೆ ಎಂಬುದಕ್ಕೆ ಒಂದು ಮಾದರಿ ಹೀಗಿದೆ: ‘ನಾಳೆ ಗುರುವಾರ ಗ್ರಂಥಾಲಯ ಎಂದಿನ ಸಮಯಕ್ಕೆ ತೆರೆದಿರುತ್ತದೆ. ಪಿಡಿಒ ಪರೀಕ್ಷೆಯ 14 ಹೊಸ ಪುಸ್ತಕಗಳು ಪರಾಮರ್ಶನ ವಿಭಾಗದ ಎರಡನೇ ಕಪಾಟಿಗೆ ಬಂದಿವೆ. ಅಲ್ಲೇ ಕೂತು ಓದಬಹುದು, ಮನೆಗೆ ಕೊಡುವುದಿಲ್ಲ. ಪಟ್ಟಿಗೆ ಈ ಕೊಂಡಿ ಒತ್ತಿ.’ ಇಷ್ಟರಲ್ಲಿ ದಿನ, ವಸ್ತು, ಜಾಗ, ನಿಯಮ ಎಲ್ಲವೂ ಬಂದವು. ‘ಓದುಗರು ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಿದೆ’ ಎಂಬ ಸಾಲನ್ನು ಬಿಟ್ಟದ್ದರಿಂದ ನಷ್ಟವೇನೂ ಆಗಲಿಲ್ಲ. ವಾರಕ್ಕೆ ಎರಡು ಸಂದೇಶ ಸಾಕು. ಜೂನ್, ಜುಲೈ ತಿಂಗಳಲ್ಲಿ ಜಿಲ್ಲಾಧಿಕಾರಿಗಳು ಮಳೆಯ ಕಾರಣ ಶಾಲೆಗಳಿಗೆ ರಜೆ ಕೊಟ್ಟ ಬೆಳಿಗ್ಗೆ ‘ಗ್ರಂಥಾಲಯ ಇಂದು ತೆರೆದಿದೆ’ ಅಥವಾ ‘ಮುಚ್ಚಿದೆ’ ಎಂಬ ಒಂದು ಸಾಲನ್ನು ಮಾತ್ರ ತಪ್ಪಿಸಬೇಡಿ.

ಇದು ರೂಢಿಯಾದ ಮೇಲೆ ಫೇಸ್‌ಬುಕ್ಕಿಗೂ ಇನ್‌ಸ್ಟಾಗ್ರಾಮಿಗೂ ಬನ್ನಿ. ಅಲ್ಲಿ ಚಿತ್ರ ಮುಖ್ಯ, ಆದರೆ ಶಾಲು ಹೊದಿಸುವ ಚಿತ್ರವಲ್ಲ. ಬೈಂಡಿಂಗ್ ಬಿಚ್ಚಿದ ಹಳೆಯ ಪುಸ್ತಕವೊಂದು ಸರಿಯಾಗುವ ಮೊದಲಿನ ಮತ್ತು ನಂತರದ ಚಿತ್ರ, ಹಳೆಯ ಪುಸ್ತಕದೊಳಗೆ ಅಂಟಿಸಿದ ವಾಯಿದೆ ಚೀಟಿಯ ಮೇಲಿನ ತಾರೀಖುಗಳ ಚಿತ್ರ, ಇಂಥವನ್ನು ಜನ ನಿಂತು ನೋಡುತ್ತಾರೆ. ಒಂದೇ ಪ್ರಶ್ನೆಯನ್ನು ಮೂರು ಜನ ಕೇಳಿದರೆ ಅದರ ಉತ್ತರ ಮುಖಪುಟದಲ್ಲಿ ಕಾಣುತ್ತಿಲ್ಲವೆಂದೇ ತಿಳಿದು ಅಲ್ಲಿ ಸೇರಿಸಿ.

ಹಕ್ಕು ಮತ್ತು ಒಪ್ಪಿಗೆ

ಹಾಕುವ ಮುನ್ನ ಎರಡು ಕಾನೂನುಗಳು ನೆನಪಿರಲಿ. ಲೇಖಕರು ಬದುಕಿದ್ದಾಗ ಪ್ರಕಟವಾದ ಕೃತಿಯ ಹಕ್ಕು ನಮ್ಮಲ್ಲಿ ಅವರು ತೀರಿಕೊಂಡ ವರ್ಷದ ನಂತರ 60 ವರ್ಷ ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಪದ್ಯವನ್ನು ಪೂರ್ತಿಯಾಗಿ ಹಾಕಬಹುದು; 1982ರಲ್ಲಿ ತೀರಿಕೊಂಡ ದಿನಕರ ದೇಸಾಯಿಯವರ ಚುಟುಕ ನಾಲ್ಕೇ ಸಾಲಿನದಾದರೂ ಅದು ಇಡೀ ಕೃತಿ, ಅದರ ಹಕ್ಕು ನಿಯಮದಂತೆ 2042ರ ಕೊನೆಯವರೆಗೆ ಇದೆ. ಹಕ್ಕುದಾರರ ಒಪ್ಪಿಗೆ ಕೇಳಿ ಹಾಕಿ. ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಮಕ್ಕಳ ವಿಭಾಗದ ಕಾರ್ಯಕ್ರಮದ ಚಿತ್ರಗಳಿಗೆ ಪೋಷಕರ ಲಿಖಿತ ಒಪ್ಪಿಗೆ ಇರಲಿ, ಹೆಸರು ಮತ್ತು ಶಾಲೆ ಹಾಕುವುದು ಬೇಡ. ಯಾರು ಯಾವ ಪುಸ್ತಕ ಒಯ್ದರು ಎಂಬುದಂತೂ ಎಲ್ಲಿಯೂ ಹೊರಬೀಳಬಾರದು.

ಬೀಗದ ಕೈ ಯಾರ ಹತ್ತಿರ

ಆರಂಭದಲ್ಲಿ ಹೇಳಿದ ಫೇಸ್‌ಬುಕ್ ಪುಟ ಎರಡು ವರ್ಷ ಮೌನವಾಗಲು ಕಾರಣ ಸರಳವಾಗಿತ್ತು: ಪುಟವನ್ನು ತಮ್ಮ ಸ್ವಂತ ಖಾತೆಯಿಂದ ತೆರೆದಿದ್ದವರಿಗೆ ವರ್ಗವಾಗಿತ್ತು, ಹೊಸಬರಿಗೆ ಪ್ರವೇಶವಿರಲಿಲ್ಲ. ಆದ್ದರಿಂದ ಗ್ರಂಥಾಲಯದ ಹೆಸರಿನ ಇಮೇಲ್ ಒಂದನ್ನು ಮಾಡಿ, ಎಲ್ಲ ಖಾತೆಗಳನ್ನೂ ಅದಕ್ಕೆ ಜೋಡಿಸಿ, ಪ್ರತಿ ಪುಟಕ್ಕೂ ಕನಿಷ್ಠ ಇಬ್ಬರು ನಿರ್ವಾಹಕರನ್ನು ನೇಮಿಸಿ. ಪಾಸ್‌ವರ್ಡುಗಳನ್ನು ಮುಚ್ಚಿದ ಲಕೋಟೆಯಲ್ಲಿಟ್ಟು, ಕಪಾಟಿನ ಕೀಲಿಗಳನ್ನು ಹಸ್ತಾಂತರಿಸುವಾಗ ಪ್ರಭಾರ ಪಟ್ಟಿಯಲ್ಲೇ ಅದನ್ನೂ ನಮೂದಿಸಿ. ಪುಸ್ತಕಪಟ್ಟಿಯ ಪ್ರತಿಯನ್ನು ತಿಂಗಳಿಗೊಮ್ಮೆ ಪೆನ್‌ಡ್ರೈವಿನಲ್ಲಿ ತೆಗೆದಿಡಿ.

ಆರು ತಿಂಗಳಿಗೊಮ್ಮೆ ಒಂದು ಪರೀಕ್ಷೆ ಮಾಡಿ. ವಾಚನಾಲಯಕ್ಕೆ ಬಂದ ಕಾಲೇಜು ವಿದ್ಯಾರ್ಥಿ ಒಬ್ಬರನ್ನೂ ನಿವೃತ್ತರೊಬ್ಬರನ್ನೂ ಕೂರಿಸಿ, ಅವರದೇ ಮೊಬೈಲಿನಲ್ಲಿ, ವೈಫೈ ಇಲ್ಲದೆ, ಮುಂದಿನ ರಜೆ ಯಾವಾಗ, ಇಂಥ ಪುಸ್ತಕ ಇದೆಯೇ, ಸದಸ್ಯರಾಗಲು ಏನು ಬೇಕು ಎಂಬುದನ್ನು ಹುಡುಕಲು ಹೇಳಿ. ನೀವು ಪಕ್ಕದಲ್ಲಿ ಸುಮ್ಮನೆ ನಿಂತಿರಿ. ‘ಅಲ್ಲಿ ಕೆಳಗೆ ನೋಡಿ ಸರ್’ ಎಂದು ಬಾಯಿ ಬಿಟ್ಟರೆ ಪರೀಕ್ಷೆ ಕೆಟ್ಟಿತು. ಅವರ ಬೆರಳು ತಡವರಿಸಿದ ಜಾಗಗಳನ್ನು ಬರೆದುಕೊಂಡು, ಅಂದೇ ಸಂಜೆ ತಿದ್ದಿ, ಪುಟದ ಅಡಿಯಲ್ಲಿ ಪರಿಷ್ಕರಿಸಿದ ದಿನಾಂಕವನ್ನು ಬದಲಿಸಿ.